ಹಿರೋಶಿಮಾ–ನಾಗಸಾಕಿ ಸ್ಮರಣೆಯ ಫಲಕಗಳು: ಯಾವ ಅಂಕಿ ಸರಿ, ಸಿಡಿತಲೆ ಬಿಚ್ಚುವುದು ಹೇಗೆ?

ಪ್ರಶ್ನೆ – ಮುಂಜಾವು

1945ರಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಅಮೆರಿಕ ಪರಮಾಣು ಬಾಂಬು ಹಾಕಿದ ಆಗಸ್ಟ್ 6 ಮತ್ತು 9ರ ನೆನಪಿಗೆ ಪ್ರೌಢಶಾಲೆ ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ಹನ್ನೆರಡು ಫಲಕಗಳ ಪ್ರದರ್ಶನವೊಂದು ತಯಾರಾಗುತ್ತಿದೆ. ಮೊದಲ ಆರರಲ್ಲಿ ಆ ಎರಡು ನಗರಗಳಲ್ಲಿ ನಡೆದದ್ದು, ಉಳಿದ ಆರರಲ್ಲಿ ನಿಶ್ಶಸ್ತ್ರೀಕರಣ. ಆದರೆ ಓದಿದಷ್ಟೂ ಅಂಕಿಗಳು ತಾಳೆಯಾಗುತ್ತಿಲ್ಲ. ಹಿರೋಶಿಮಾದಲ್ಲಿ ಸತ್ತವರು ಒಂದು ಕಡೆ 70 ಸಾವಿರ, ಇನ್ನೊಂದು ಕಡೆ 1.4 ಲಕ್ಷ, ಮತ್ತೊಂದು ಕಡೆ ಮೂರೂವರೆ ಲಕ್ಷ. ಬಾಂಬು ಸಿಡಿದ ಹೊತ್ತು ಕೆಲವು ಕಡೆ 8:15, ಅಮೆರಿಕದ ದಾಖಲೆಗಳಲ್ಲಿ 9:15. ಇದರಲ್ಲಿ ಯಾವುದನ್ನು ಬರೆಯಬೇಕು?

ಇನ್ನೆರಡು ಪ್ರಶ್ನೆಗಳನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. 1986ರಲ್ಲಿ ಪರಮಾಣು ವಿದ್ಯುತ್ ಸ್ಥಾವರ ಸಿಡಿದ ಚೆರ್ನೋಬಿಲ್ ಸುತ್ತ ಇಂದಿಗೂ ಜನ ಇರುವ ಹಾಗಿಲ್ಲ, ಹಿರೋಶಿಮಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಅದು ಹೇಗೆ? ಮತ್ತೆ, ಬಾಂಬನ್ನು ಬಿಡುತ್ತೇವೆ ಎಂದು ಸಹಿ ಹಾಕಿದ ಮೇಲೆ ಅದನ್ನು ನಿಜವಾಗಿ ಏನು ಮಾಡುತ್ತಾರೆ, ಮಾಡಿದರೋ ಇಲ್ಲವೋ ಎಂದು ನೋಡುವವರು ಯಾರು? ಬಲ್ಲವರು ಹೇಳಿದರೆ ಉಪಕಾರ.


ಉತ್ತರ – ಲೆಕ್ಕದಪುಸ್ತಕ

ನೀವು ಹೇಳಿದ ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಎಣಿಸಿದ್ದು ಬೇರೆ ಬೇರೆಯದನ್ನು, ಅಷ್ಟೇ. 70 ಸಾವಿರ ಎಂಬುದು ತಕ್ಷಣ ಸತ್ತವರ ಆರಂಭದ ಅಂದಾಜು. 1.4 ಲಕ್ಷ ಎಂಬುದು 1945ರ ಡಿಸೆಂಬರ್ ಅಂತ್ಯದ ಹೊತ್ತಿಗೆ ಸುಟ್ಟಗಾಯ, ಪೆಟ್ಟು ಮತ್ತು ವಿಕಿರಣದಿಂದ ಸತ್ತವರ ಅಂದಾಜು. ಹಿರೋಶಿಮಾ ನಗರವೇ ಇದನ್ನು ಹತ್ತು ಸಾವಿರ ಹೆಚ್ಚು ಅಥವಾ ಕಡಿಮೆ ಎಂಬ ಷರಾದೊಂದಿಗೆ ಕೊಡುತ್ತದೆ. ನಾಗಸಾಕಿಯಲ್ಲಿ ಅದೇ ಅವಧಿಯ ಅಂದಾಜು ಸುಮಾರು 74 ಸಾವಿರ. ಮೂರೂವರೆ ಲಕ್ಷದ ಹತ್ತಿರದ ಅಂಕಿ ಹಿರೋಶಿಮಾ ಸ್ಮಾರಕದ ಕಲ್ಲಿನ ಪೆಟ್ಟಿಗೆಯಲ್ಲಿರುವ ಹೆಸರಿನ ಪುಸ್ತಕಗಳದ್ದು. ಅಂದು ಬದುಕುಳಿದು ಆಮೇಲೆ ಯಾವ ಕಾರಣದಿಂದ ತೀರಿಕೊಂಡಿದ್ದರೂ ಹಿಬಾಕುಶಾಗಳ ಹೆಸರು, ಅಂದರೆ ಬಾಂಬಿಗೆ ಒಡ್ಡಿಕೊಂಡವರ ಹೆಸರು, ಅಲ್ಲಿ ಸೇರುತ್ತದೆ. ಪ್ರತಿ ಆಗಸ್ಟ್ 6ರ ಬೆಳಗ್ಗೆ ಹಿಂದಿನ ಒಂದು ವರ್ಷದ ಹೆಸರುಗಳನ್ನು ಸೇರಿಸಿ ಪುಸ್ತಕವನ್ನು ಮತ್ತೆ ಒಳಗಿಡುತ್ತಾರೆ. 2025ರಲ್ಲಿ ಅದು 3,49,000 ದಾಟಿತ್ತು. ಮೂರನ್ನೂ ಫಲಕದಲ್ಲಿ ಹಾಕಿ, ಆದರೆ ಪ್ರತಿಯೊಂದರ ಪಕ್ಕ ಯಾವ ದಿನದವರೆಗೆ, ಯಾರನ್ನು ಎಣಿಸಿದ್ದು ಎಂದು ಬರೆಯಿರಿ. ಆ ಒಂದು ಸಾಲು ಬಿಟ್ಟರೆ ನೋಡುವವರಿಗೆ ಯಾರೋ ಅಂಕಿ ಉಬ್ಬಿಸಿದ್ದಾರೆ ಅನ್ನಿಸುತ್ತದೆ, ಅಲ್ಲಿಂದ ಮುಂದಿನ ಫಲಕವನ್ನು ಅವರು ನಂಬುವುದಿಲ್ಲ.

ಇಷ್ಟು ಅನಿಶ್ಚಿತತೆ ಯಾಕೆ ಎಂದು ಕೇಳಿದರೆ: ಎಣಿಸಬೇಕಾದ ಕಚೇರಿಗಳೇ ಸುಟ್ಟುಹೋಗಿದ್ದವು. ಮನೆಮಂದಿಯೆಲ್ಲ ಸತ್ತ ಕಡೆ ಕಾಣೆಯಾದವರ ಬಗ್ಗೆ ದೂರು ಕೊಡುವವರೇ ಇರಲಿಲ್ಲ. ನಗರದಲ್ಲಿ ಸುಮಾರು 3.5 ಲಕ್ಷ ಜನ ಇದ್ದರು, ಅದರಲ್ಲಿ ಸೈನಿಕರೂ ಇದ್ದರು, ಹೊರಗಿನಿಂದ ಕೆಲಸಕ್ಕೆ ಬಂದವರೂ ಇದ್ದರು. ಕೊರಿಯಾದಿಂದ ಕರೆತಂದ ಕೂಲಿಗಳು ಸಾವಿರಾರು ಮಂದಿ ಸತ್ತರು. ಅವರ ಸ್ಮಾರಕ 1970ರಲ್ಲಿ ಶಾಂತಿ ಉದ್ಯಾನದ ಹೊರಗೆ ನಿಂತು, ಒಳಗೆ ಬಂದದ್ದು 1999ರಲ್ಲಿ. ಇದನ್ನು ಫಲಕದಿಂದ ಬಿಡಬೇಡಿ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಅಂದು ಬೆಳಗ್ಗೆ ಸಾವಿರಾರು ಶಾಲಾ ಮಕ್ಕಳನ್ನು ನಗರದ ಮಧ್ಯಕ್ಕೆ ಕಳುಹಿಸಿದ್ದರು. ಹನ್ನೆರಡು, ಹದಿಮೂರರ ವಯಸ್ಸಿನವರ ಸಾವು ಅಷ್ಟು ಹೆಚ್ಚಾಗಿದ್ದಕ್ಕೆ ಅದೇ ಕಾರಣ. ನಿಮ್ಮ ಪ್ರದರ್ಶನ ನೋಡುವವರು ಅದೇ ವಯಸ್ಸಿನವರು.

ಹೊತ್ತಿನ ಗೊಂದಲ ಸುಲಭದ್ದು. ವಿಮಾನ ಹೊರಟದ್ದು ಟಿನಿಯನ್ ದ್ವೀಪದಿಂದ, ಅಲ್ಲಿನ ಗಡಿಯಾರ ಜಪಾನಿಗಿಂತ ಒಂದು ಗಂಟೆ ಮುಂದೆ. ವಿಮಾನದ ದಾಖಲೆಯ 9:15 ನಗರದ ಗಡಿಯಾರದಲ್ಲಿ 8:15. ನಗರದ ಗಡಿಯಾರವನ್ನೇ ಬಳಸಿ. ನಾಗಸಾಕಿಯದು 11:02.

ಬಾಂಬಿನ ಬಗ್ಗೆ ಚಿಕ್ಕದಾಗಿ. ಹಿರೋಶಿಮಾದ್ದು ಯುರೇನಿಯಂ ಬಾಂಬ್, ಒಳಗಿದ್ದದ್ದು ಸುಮಾರು 64 ಕಿಲೋ, ಅದರಲ್ಲಿ ವಿದಳನಗೊಂಡದ್ದು, ಅಂದರೆ ಪರಮಾಣು ಸೀಳಿದ್ದು, ಒಂದು ಕಿಲೋಗಿಂತ ಕಡಿಮೆ, ಶಕ್ತಿಯಾಗಿ ಬದಲಾದ ದ್ರವ್ಯ ಒಂದು ಗ್ರಾಂ ಕೂಡ ಇಲ್ಲ. ಶಕ್ತಿ ಸುಮಾರು 15 ಕಿಲೋಟನ್ (ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದ ಶಕ್ತಿ). ನಾಗಸಾಕಿಯದು ಪ್ಲುಟೋನಿಯಂ, ಸುಮಾರು 6 ಕಿಲೋ, ಶಕ್ತಿ ಸುಮಾರು 21 ಕಿಲೋಟನ್. ದೊಡ್ಡ ಬಾಂಬು ಬಿದ್ದಲ್ಲಿ ಸಾವು ಯಾಕೆ ಕಡಿಮೆ ಎಂದು ಮಕ್ಕಳು ಕೇಳುತ್ತಾರೆ. ಹಿರೋಶಿಮಾ ಬಯಲು, ನಾಗಸಾಕಿ ಗುಡ್ಡಗಳ ನಡುವಿನ ಊರು. ಬಾಂಬು ಗುರಿಯಿಂದ ಸುಮಾರು 3 ಕಿಲೋಮೀಟರ್ ಆಚೆ ಉರಾಕಮಿ ಕಣಿವೆಯ ಮೇಲೆ ಸಿಡಿಯಿತು, ಊರಿನ ಇನ್ನೊಂದು ಭಾಗವನ್ನು ಗುಡ್ಡ ಮರೆಮಾಡಿತು. ಅಂದಿನ ಮೊದಲ ಗುರಿ ನಾಗಸಾಕಿ ಆಗಿರಲೇ ಇಲ್ಲ, ಕೊಕುರಾ ಆಗಿತ್ತು. ಅಲ್ಲಿ ಮಂಜೋ ಹೊಗೆಯೋ ಕವಿದು ಗುರಿ ಕಾಣದೆ ಮೂರು ಸಲ ಸುತ್ತಿ ವಿಮಾನ ಹೊರಟುಹೋಯಿತು.

ಒಂದು ಪದದ ವಿಷಯ. ಬಾಂಬು ‘ಬಿದ್ದ ಜಾಗ’ ಎಂದು ಬರೆಯಬೇಡಿ. ಎರಡೂ ಗಾಳಿಯಲ್ಲೇ ಸಿಡಿದವು, ಹಿರೋಶಿಮಾದ್ದು ಸುಮಾರು 600 ಮೀಟರ್, ನಾಗಸಾಕಿಯದು ಸುಮಾರು 500 ಮೀಟರ್ ಎತ್ತರದಲ್ಲಿ. ‘ಸ್ಫೋಟದ ನೇರ ಕೆಳಗಿನ ಬಿಂದು’ ಎಂದರೆ ಸರಿ. ಹಿರೋಶಿಮಾದಲ್ಲಿ ಆ ಬಿಂದು ಶಿಮಾ ಎಂಬ ಆಸ್ಪತ್ರೆ. ಗುರಿಯಿಟ್ಟದ್ದು ಅಲ್ಲಿಂದ ಸ್ವಲ್ಪವೇ ದೂರದ ಐಓಯಿ ಸೇತುವೆಗೆ. ಸೇನಾ ನೆಲೆಗೆ ಹಾಕಿದ್ದು ಎಂಬ ಮಾತನ್ನು ಯಾರಾದರೂ ತಂದರೆ ಇದನ್ನು ತೋರಿಸಿ: ಊರಲ್ಲಿ ಸೇನಾ ಕೇಂದ್ರ ಇದ್ದದ್ದು ನಿಜ, ಗುರಿಯ ಗುರುತು ಮಾತ್ರ ಊರಿನ ನಟ್ಟನಡುವಿನ ಸೇತುವೆ.


ಉತ್ತರ – ಅರ್ಧಾಯು

ಚೆರ್ನೋಬಿಲ್ ಪ್ರಶ್ನೆಗೆ ಮೇಲಿನವರು ಹೇಳಿದ ಎತ್ತರದಲ್ಲೇ ಅರ್ಧ ಉತ್ತರ ಇದೆ. ಬೆಂಕಿಯ ಉಂಡೆ ನೆಲ ಮುಟ್ಟಲಿಲ್ಲ. ನೆಲ ಮುಟ್ಟಿದ್ದರೆ ಮಣ್ಣನ್ನು ಎಬ್ಬಿಸಿ, ಅದರ ಜೊತೆ ವಿದಳನದ ಚೂರುಗಳನ್ನೂ ಸೇರಿಸಿ ಹತ್ತಿರದಲ್ಲೇ ಸುರಿಸುತ್ತಿತ್ತು. ಇಲ್ಲಿ ಹೆಚ್ಚಿನ ಪಾಲು ಬಿಸಿಗಾಳಿಯೊಂದಿಗೆ ಮೇಲೇರಿ ಚದುರಿಹೋಯಿತು, ಸ್ವಲ್ಪ ಪಾಲು ಕಪ್ಪು ಮಳೆಯಾಗಿ ಇಳಿಯಿತು. ಇನ್ನರ್ಧ ಉತ್ತರ ಪ್ರಮಾಣದಲ್ಲಿದೆ. ಹಿರೋಶಿಮಾದಲ್ಲಿ ವಿದಳನಗೊಂಡದ್ದು ಒಂದು ಕಿಲೋ ಒಳಗೆ. ಚೆರ್ನೋಬಿಲ್ ಸ್ಥಾವರದಲ್ಲಿದ್ದ ಇಂಧನ ಸುಮಾರು 190 ಟನ್, ಅದರಲ್ಲಿ ವರ್ಷಗಟ್ಟಲೆ ಕೂಡಿಬಂದ, ಬಹುಕಾಲ ಉಳಿಯುವ ವಿಕಿರಣಶೀಲ ಸೀಸಿಯಂ ಮತ್ತು ಸ್ಟ್ರಾಂಷಿಯಂ, ಅದೂ ದಿನಗಟ್ಟಲೆ ನೆಲಮಟ್ಟದಲ್ಲಿ ಉರಿಯುತ್ತಾ ಹೊರಬಂತು.

ಹಾಗಂತ ಹಿರೋಶಿಮಾದ ನೆಲ ನಿರಪಾಯವಾಗಿತ್ತು ಎಂದಲ್ಲ. ನ್ಯೂಟ್ರಾನ್‌ಗಳು ಮಣ್ಣು, ಹೆಂಚು, ಕಬ್ಬಿಣದೊಳಗೆ ಹೊಕ್ಕು ಅವನ್ನೇ ವಿಕಿರಣಶೀಲ ಮಾಡಿದವು. ಮ್ಯಾಂಗನೀಸ್-56ರ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಎರಡೂವರೆ ಗಂಟೆ ಚಿಲ್ಲರೆ, ಸೋಡಿಯಂ-24ರದ್ದು 15 ಗಂಟೆ. ಹಾಗಾಗಿ ಮೊದಲ ಒಂದೆರಡು ದಿನ ತಮ್ಮವರನ್ನು ಹುಡುಕುತ್ತಾ ಊರೊಳಗೆ ಹೋದವರು ವಿಕಿರಣಕ್ಕೆ ಸಿಕ್ಕರು, ಆಮೇಲೆ ಅದು ವೇಗವಾಗಿ ಇಳಿಯಿತು. ಜಪಾನಿನ ಕಾನೂನು ಇದನ್ನು ಒಪ್ಪಿದೆ: ಬಾಂಬು ಸಿಡಿದಾಗ ಅಲ್ಲಿದ್ದವರು ಮಾತ್ರವಲ್ಲ, ಎರಡು ವಾರದೊಳಗೆ ಕೇಂದ್ರದಿಂದ ಸುಮಾರು 2 ಕಿಲೋಮೀಟರ್ ಒಳಗೆ ಬಂದವರು, ಗಾಯಾಳುಗಳ ಆರೈಕೆ ಮಾಡಿದವರು ಅಥವಾ ಹೆಣ ಸಾಗಿಸಿದವರು, ಆಗ ತಾಯಿಯ ಹೊಟ್ಟೆಯಲ್ಲಿದ್ದವರು ಕೂಡ ಹಿಬಾಕುಶಾ ಎಂದು ಆರೋಗ್ಯ ಪುಸ್ತಿಕೆ ಪಡೆಯುತ್ತಾರೆ. ಇಂದು ಹಿರೋಶಿಮಾದ ವಿಕಿರಣ ಭೂಮಿಯ ಬೇರೆ ಯಾವುದೇ ಊರಿನ ಸಹಜ ಮಟ್ಟದ್ದೇ.

ಕಾಯಿಲೆಯ ಫಲಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಎಲ್ಲವನ್ನೂ ಒಂದೇ ರಾಶಿಗೆ ಹಾಕುವುದು. ಕಾಲಕ್ರಮ ಮುಖ್ಯ. ಮೊದಲ ಕ್ಷಣಗಳಲ್ಲಿ ಕೊಂದದ್ದು ಶಾಖ ಮತ್ತು ಗಾಳಿಯ ಹೊಡೆತ. ಕೇಂದ್ರದ ನೆಲದ ಉಷ್ಣ 3,000ದಿಂದ 4,000 ಡಿಗ್ರಿ. ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧ ಗಾಳಿಯ ಹೊಡೆತ, ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಶಾಖ, ಉಳಿದ 15 ಶೇಕಡಾದಷ್ಟು ವಿಕಿರಣ. ಎರಡು ಮೂರು ವಾರಗಳಲ್ಲಿ, ಮೈಮೇಲೆ ಒಂದೂ ಗಾಯವಿಲ್ಲದವರ ಕೂದಲು ಉದುರಿ, ಚರ್ಮದಡಿ ನೇರಳೆ ಚುಕ್ಕೆ ಎದ್ದು, ವಸಡಿನಲ್ಲಿ ರಕ್ತ ಒಸರಿ ಸಾವು. ಮೂಳೆಯ ಮಜ್ಜೆ ಹೊಸ ರಕ್ತಕಣ ಮಾಡುವುದನ್ನು ನಿಲ್ಲಿಸಿದ್ದರಿಂದ ಹೀಗಾಯಿತು. ಹಳೆಯ ಕಣಗಳು ಮುಗಿಯಲು ಹಿಡಿದ ಸಮಯವೇ ಆ ಎರಡು ಮೂರು ವಾರ. ಆಮೇಲೆ ರಕ್ತದ ಕ್ಯಾನ್ಸರ್, ಅದರ ಏರಿಕೆ ತುದಿ ಮುಟ್ಟಿದ್ದು ಆರೆಂಟು ವರ್ಷಗಳ ನಂತರ. ಗಟ್ಟಿ ಗೆಡ್ಡೆಗಳ ಕ್ಯಾನ್ಸರ್ ಹೆಚ್ಚತೊಡಗಿದ್ದು ಸುಮಾರು ಹತ್ತು ವರ್ಷದ ಮೇಲೆ. ಸಡಾಕೊ ಸಸಾಕಿ ಎರಡು ವರ್ಷದ ಮಗುವಾಗಿದ್ದಾಗ ಬಾಂಬಿಗೆ ಸಿಕ್ಕು, ರಕ್ತದ ಕ್ಯಾನ್ಸರಿನಿಂದ 1955ರ ಅಕ್ಟೋಬರ್ 25ರಂದು ಹನ್ನೆರಡನೇ ವಯಸ್ಸಿನಲ್ಲಿ ಸತ್ತದ್ದು ಈ ಕಾಲಕ್ರಮಕ್ಕೆ ಸರಿಯಾಗಿ ಕೂಡುತ್ತದೆ.

ಇನ್ನೊಂದು ದಯವಿಟ್ಟು. ‘ಇಂದಿಗೂ ಅಲ್ಲಿ ಅಂಗವಿಕಲ ಮಕ್ಕಳು ಹುಟ್ಟುತ್ತಾರೆ’ ಎಂಬ ಸಾಲು ನಮ್ಮ ಭಾಷಣಗಳಲ್ಲಿ ಎಷ್ಟು ಸಲ ಬರುತ್ತದೋ. ಗರ್ಭದಲ್ಲೇ ವಿಕಿರಣಕ್ಕೆ ಸಿಕ್ಕ ಮಕ್ಕಳಿಗೆ, ಅದರಲ್ಲೂ 8ರಿಂದ 15ನೇ ವಾರದವರಿಗೆ, ಮೆದುಳಿನ ಬೆಳವಣಿಗೆ ಕುಂಠಿತವಾದದ್ದು ನಿಜ. ಆದರೆ ಆಮೇಲೆ ಬಸಿರಾಗಿ ಹುಟ್ಟಿದ ಮಕ್ಕಳಲ್ಲಿ ವಂಶಪಾರಂಪರ್ಯ ದೋಷ ಹೆಚ್ಚಿದ್ದು ದಶಕಗಳ ಅಧ್ಯಯನದಲ್ಲಿ ಈವರೆಗೆ ಕಂಡಿಲ್ಲ. ಇದು ಬರೀ ಅಂಕಿಯ ತಪ್ಪಲ್ಲ. ಹಿಬಾಕುಶಾಗಳಿಗೂ ಅವರ ಮಕ್ಕಳಿಗೂ ಮದುವೆಯ ಸಂಬಂಧ ತಪ್ಪಿಸಿದ್ದು, ಕೆಲಸ ಕೊಡದೆ ಹೋದದ್ದು ಇದೇ ಭಯದಿಂದ. ಬಾಂಬನ್ನು ಬೈಯುವ ಭರದಲ್ಲಿ ಅವರ ಮೇಲಿನ ಕಳಂಕವನ್ನು ನಾವೇ ಮತ್ತೆ ಗೋಡೆಗೆ ಅಂಟಿಸಬಾರದು.


ಉತ್ತರ – ಕಾಗದಕೊಕ್ಕರೆ

ಸ್ಮರಣೆಯ ಭಾಗಕ್ಕೆ ಕೆಲವು ಮಾತು.

ಮೌನಾಚರಣೆಯನ್ನು ನೀವಿರುವಲ್ಲಿನ 8:15ಕ್ಕೆ ಇಡಬಹುದು, ಅಥವಾ ಹಿರೋಶಿಮಾದ ಗಂಟೆಯ ಜೊತೆಗೇ ನಿಲ್ಲಬಹುದು. ಎರಡನೆಯದಾದರೆ ಗ್ರೀನ್‌ವಿಚ್ ಲೆಕ್ಕದಲ್ಲಿ ಅದು ಆಗಸ್ಟ್ 5ರ ರಾತ್ರಿ 23:15. ನಾಗಸಾಕಿಯದು ಆಗಸ್ಟ್ 9ರ ನಸುಕಿನ 2:02. ತಾರೀಕು ಹಿಂದೆ ಸರಿಯುವುದನ್ನು ಮರೆತು ಒಂದಿಡೀ ದಿನ ತಡವಾಗಿ ನೇರ ಪ್ರಸಾರ ಹಾಕಲು ಕೂತವರು ಬೇಕಾದಷ್ಟು ಜನ. ಹಿರೋಶಿಮಾದಲ್ಲಿ ಮೌನ ಒಂದು ನಿಮಿಷ, ಆ ಹೊತ್ತಿನಲ್ಲಿ ಶಾಂತಿಯ ಗಂಟೆ ಬಾರಿಸುತ್ತಾರೆ. ಭಾಷಣ ಮೊದಲಿಟ್ಟರೆ ಹೊತ್ತು ತಪ್ಪುವುದು ಖಂಡಿತ. ಮೌನ ಮೊದಲು, ಮಾತು ಆಮೇಲೆ.

ಸಡಾಕೊ ಆಸ್ಪತ್ರೆಯಲ್ಲಿ ಮಡಚಿದಂತೆ ಸಾವಿರ ಕಾಗದದ ಕೊಕ್ಕರೆ ಮಡಚುವುದಾದರೆ 7.5 ಸೆಂಟಿಮೀಟರ್ ಚೌಕದ ಕಾಗದ ಸಾಕು. ಕಲಿಯುವವರಿಗೆ ಮಾತ್ರ 15 ಸೆಂಟಿಮೀಟರ್ ಕೊಡಿ. ಚೌಕ ಒಂದು ಮಿಲಿಮೀಟರ್ ಓರೆಯಾದರೂ ಕೊಕ್ಕಿನ ತುದಿಯಲ್ಲಿ ಬಿಳಿ ಇಣುಕುತ್ತದೆ, ಆದ್ದರಿಂದ ಕತ್ತರಿಯಿಂದಲ್ಲ, ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಕೊಯ್ಯಿರಿ. ಒಂದು ದಾರಕ್ಕೆ 40ರಂತೆ 25 ದಾರ. ಸೂಜಿ ಹೊಟ್ಟೆಯ ನಡುವಿನ ತೂತಿನಿಂದ ಒಳಹೊಕ್ಕು ಬೆನ್ನಿನ ತುದಿಯಲ್ಲಿ ಹೊರಬರಬೇಕು. ಬರೀ ಗಂಟು ಹಾಕಿದರೆ ಮೇಲಿನ 39ರ ಭಾರಕ್ಕೆ ಕೆಳಗಿನ ಕೊಕ್ಕರೆ ಹರಿದು ಇಡೀ ಸಾಲು ಜಾರುತ್ತದೆ, ಹಾಗಾಗಿ ತಳದಲ್ಲಿ ಒಂದು ಮಣಿಯನ್ನೋ ದಪ್ಪ ರಟ್ಟಿನ ಚೂರನ್ನೋ ಕಟ್ಟಿ. ಹಿರೋಶಿಮಾದ ಮಕ್ಕಳ ಸ್ಮಾರಕಕ್ಕೆ ವರ್ಷಕ್ಕೆ ಸುಮಾರು ಒಂದು ಕೋಟಿ ಕೊಕ್ಕರೆಗಳು ಬರುತ್ತವೆ, ಹತ್ತು ಟನ್ ಕಾಗದ. ಅಲ್ಲಿ ಅವನ್ನು ಗಾಜಿನ ಮನೆಯೊಳಗೆ ಇಡುತ್ತಾರೆ. ಮಳೆಗೆ ಬಣ್ಣ ಬಿಡುತ್ತದೆ. ನೀವೂ ಹೊರಗೆ ತೂಗಬೇಡಿ.

ಸ್ಮಾರಕದ ಕಲ್ಲಿನ ಮೇಲಿನ ಬರಹವನ್ನು ಕನ್ನಡಕ್ಕೆ ತರುವಾಗ ಒಂದು ತೊಡಕಿದೆ. ಜಪಾನಿ ವಾಕ್ಯದಲ್ಲಿ ಕರ್ತೃವೇ ಇಲ್ಲ. ‘ನೆಮ್ಮದಿಯಿಂದ ಮಲಗಿ, ತಪ್ಪು ಮತ್ತೆ’ ಎಂಬಲ್ಲಿಗೆ ಬಂದ ಕೂಡಲೇ ಕನ್ನಡದ ಕ್ರಿಯಾಪದ ‘ಮಾಡೆವು’ ಎಂದೋ ‘ಮಾಡರು’ ಎಂದೋ ಯಾರದೋ ಪಕ್ಷ ಹಿಡಿದುಬಿಡುತ್ತದೆ. ತಪ್ಪು ಯಾರದ್ದು, ಬಾಂಬು ಹಾಕಿದವರದ್ದೋ ಯುದ್ಧ ಶುರುಮಾಡಿದವರದ್ದೋ ಎಂದು ಜಪಾನಿನಲ್ಲೇ ದೊಡ್ಡ ಜಗಳ ನಡೆದಿದೆ. ನಗರದ ವಿವರಣೆ ಏನೆಂದರೆ ಇಲ್ಲಿ ಮಾತಾಡುತ್ತಿರುವುದು ಇಡೀ ಮನುಕುಲ. ಹಾಗಾಗಿ ‘ಮಾಡೆವು’ ಸರಿ, ಆದರೆ ಈ ವಿವರಣೆಯನ್ನು ಕೆಳಗೆ ಸಣ್ಣಕ್ಷರದಲ್ಲಿ ಕೊಡಿ.


ಮರುಪ್ರಶ್ನೆ – ಮುಂಜಾವು

ಮೂವರಿಗೂ ವಂದನೆ. ಅಂಗವಿಕಲ ಮಕ್ಕಳ ಸಾಲು ನಮ್ಮ ಐದನೇ ಫಲಕದಲ್ಲಿ ಇದ್ದೇ ಇತ್ತು, ತೆಗೆದಾಯಿತು. ಇನ್ನು ಏಳರಿಂದ ಹನ್ನೆರಡು. ಈಗಿರುವ ಕರಡಿನಲ್ಲಿ ಬರೀ ಒಪ್ಪಂದಗಳ ಹೆಸರು ಮತ್ತು ಇಸವಿ ಇವೆ, ಓದಿದರೆ ಪರೀಕ್ಷೆಯ ಗೈಡ್‌ನಂತಿದೆ. ಬಾಂಬನ್ನು ಬಿಚ್ಚುವ ಕೆಲಸ ಹೇಗಿರುತ್ತದೆ?


ಉತ್ತರ – ಬಿಚ್ಚುಗೆ

ಸಿಡಿತಲೆ, ಅಂದರೆ ಕ್ಷಿಪಣಿ ಅಥವಾ ಬಾಂಬಿನ ಸಿಡಿಯುವ ಭಾಗ, ಒಂದೇ ವಸ್ತುವಲ್ಲ, ಐದಾರು ವಸ್ತುಗಳ ಕಟ್ಟು. ಅದನ್ನು ಅರ್ಥ ಮಾಡಿಸಿದರೆ ಉಳಿದದ್ದೆಲ್ಲ ಸುಲಭ. ನಡುವೆ ‘ಪಿಟ್’ ಎಂಬ ಪ್ಲುಟೋನಿಯಂ ಗೋಳ, ಅದರ ಸುತ್ತ ಸಾಮಾನ್ಯ ರಾಸಾಯನಿಕ ಸ್ಫೋಟಕ, ಜಲಜನಕ ಬಾಂಬಾದರೆ ಯುರೇನಿಯಂ ಮತ್ತು ಲಿಥಿಯಂ ಇರುವ ಎರಡನೇ ಘಟಕ, ಸ್ಫೋಟದ ಶಕ್ತಿ ಹೆಚ್ಚಿಸುವ ಟ್ರಿಟಿಯಂ ಅನಿಲದ ಸಣ್ಣ ಸೀಸೆ, ವಿದ್ಯುನ್ಮಾನ ಭಾಗಗಳು, ಹೊರಗವಚ.

ಅಮೆರಿಕದಲ್ಲಿ ಈ ಕೆಲಸ ನಡೆಯುವುದು ಟೆಕ್ಸಸ್‌ನ ಅಮರಿಲ್ಲೊ ಹತ್ತಿರದ ಪ್ಯಾಂಟೆಕ್ಸ್ ಸ್ಥಾವರದಲ್ಲಿ. ಬಂದ ಸಿಡಿತಲೆಯನ್ನು ಮೊದಲು ಎಕ್ಸ್-ರೇ ಮಾಡಿ, ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಮೇಲೆ ಒಳಗೆ ಏನಾದರೂ ಸರಿದಿದೆಯೇ, ಬಿರುಕಿದೆಯೇ ನೋಡುತ್ತಾರೆ. ಹೊರಗವಚ ಮತ್ತು ವಿದ್ಯುನ್ಮಾನ ಭಾಗಗಳನ್ನು ತೆಗೆಯುತ್ತಾರೆ, ಟ್ರಿಟಿಯಂ ಸೀಸೆಯನ್ನು ಬೇರ್ಪಡಿಸುತ್ತಾರೆ. ಟ್ರಿಟಿಯಂನ ಅರ್ಧಾಯು 12.3 ವರ್ಷ, ಅಂದರೆ ಮರುತುಂಬದೆ ಬಿಟ್ಟರೆ ಅದು ತಾನಾಗಿಯೇ ಕರಗುತ್ತಾ ಹೋಗುತ್ತದೆ. ಅತಿ ಅಪಾಯದ ಹಂತ ಸ್ಫೋಟಕವನ್ನು ಪಿಟ್‌ನಿಂದ ಬಿಡಿಸುವುದು. ಹಳೆಯ ಮಾದರಿಗಳ ಸ್ಫೋಟಕ ಪೆಟ್ಟಿಗೂ ಸ್ಥಿರವಿದ್ಯುತ್ತಿನ ಕಿಡಿಗೂ ಸಂವೇದನಶೀಲ, ಅಂಟು ಬಿಗಿದುಕೊಂಡಿದ್ದರೆ ಇನ್ನೂ ಕಷ್ಟ. ಇದಕ್ಕೆಂದೇ ದುಂಡನೆಯ ಕೋಣೆಗಳಿವೆ, ಮಾಡಿನ ಮೇಲೆ ಹಲವು ಮೀಟರ್ ದಪ್ಪ ಜಲ್ಲಿ ಹೇರಿರುತ್ತಾರೆ. ಸ್ಫೋಟಕ ಸಿಡಿದರೆ ಮಾಡು ಮೇಲೆದ್ದು ಅನಿಲ ಹೊರಹೋಗಲಿ, ಕುಸಿಯುವ ಜಲ್ಲಿ ಪ್ಲುಟೋನಿಯಂ ಧೂಳನ್ನು ಹಿಡಿದಿಡಲಿ ಎಂಬ ಲೆಕ್ಕ.

ಬಿಚ್ಚಿದ ಮೇಲೆ ಸ್ಫೋಟಕವನ್ನು ಸುಡುತ್ತಾರೆ, ಎರಡನೇ ಘಟಕ ಟೆನೆಸ್ಸಿಯ ಓಕ್ ರಿಡ್ಜ್‌ಗೆ ಹೋಗುತ್ತದೆ, ಪಿಟ್ ಮಾತ್ರ ಮೊಹರು ಮಾಡಿದ ಡಬ್ಬಿಯಲ್ಲಿ ಅಲ್ಲೇ ಉಳಿಯುತ್ತದೆ. ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳಬೇಕು: ಹಾಗೆ ಉಳಿದ ಪಿಟ್ ಮತ್ತೆ ಬಾಂಬಿನೊಳಗೆ ಹೋಗಬಲ್ಲದು. ಇದನ್ನು ತಡೆಯಲು ಇರುವ ಒಂದು ಸರಳ ಉಪಾಯ, ಅನಿಲ ತುಂಬುವ ಸಣ್ಣ ಕೊಳವೆಯ ಮೂಲಕವೇ ಉಕ್ಕಿನ ತಂತಿಯನ್ನು ಒಳಗೆ ಸಿಕ್ಕುಸಿಕ್ಕಾಗಿ ತುರುಕುವುದು. ಒಳಗೆ ಟೊಳ್ಳಿಲ್ಲದ ಗೋಳ ಕುಗ್ಗುವುದಿಲ್ಲ, ಕುಗ್ಗದಿದ್ದರೆ ಸರಪಳಿ ಕ್ರಿಯೆ ಇಲ್ಲ, ತಂತಿಯನ್ನು ಹೊರಗೆಳೆಯಲೂ ಆಗುವುದಿಲ್ಲ.

ಯುರೇನಿಯಂಗೆ ಪೂರ್ತಿ ಪರಿಹಾರ ಇದೆ, ಅದೂ ಆಗಿಹೋಗಿರುವ ಕೆಲಸ. 1993ರಿಂದ 2013ರವರೆಗೆ ರಷ್ಯಾ ತನ್ನ ಸಿಡಿತಲೆಗಳ 500 ಟನ್ ಬಾಂಬ್ ದರ್ಜೆಯ ಯುರೇನಿಯಂ ಅನ್ನು ತೆಳುಗೊಳಿಸಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಮಾರಿತು. ಸುಮಾರು 20,000 ಸಿಡಿತಲೆಗಳಷ್ಟು. ಆ ವರ್ಷಗಳಲ್ಲಿ ಅಮೆರಿಕದ ಒಟ್ಟು ವಿದ್ಯುತ್ತಿನ ಸುಮಾರು ಹತ್ತನೇ ಒಂದು ಪಾಲು ಅದರಿಂದ ಬಂತು. ಒಂದು ಲೆಕ್ಕವನ್ನು ಫಲಕದಲ್ಲೇ ಮಾಡಿ ತೋರಿಸಬಹುದು. ಒಂದು ಬಾಂಬಿಗೆ ಸಾಕಾದೀತೆಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಅಳತೆ ಯುರೇನಿಯಂ-235ರದ್ದು 25 ಕಿಲೋ, ಪ್ಲುಟೋನಿಯಂನದ್ದು 8 ಕಿಲೋ. ಯುರೇನಿಯಂ-235ರ ಪಾಲು ಶೇ 90 ಇರುವ ಯುರೇನಿಯಂ 25 ಕಿಲೋ ತೆಗೆದುಕೊಳ್ಳಿ. ಅದನ್ನು ಶೇ 4.4ಕ್ಕೆ ಇಳಿಸಲು ಶೇ 1.5ರ ಯುರೇನಿಯಂ ಸುಮಾರು 738 ಕಿಲೋ ಬೆರೆಸಬೇಕು. ನೈಸರ್ಗಿಕ ಯುರೇನಿಯಂ ಬೆರೆಸಿದರೆ ಆಗದೇ ಎಂದು ಕೇಳುತ್ತಾರೆ. ಬಾಂಬ್ ದರ್ಜೆಯದರಲ್ಲಿ ಯುರೇನಿಯಂ-234 ಎಂಬ ಬೇಡದ ಸಮಸ್ಥಾನಿಯೂ ದಟ್ಟವಾಗಿರುತ್ತದೆ, ಅದು ಇಂಧನದ ಮಿತಿ ಮೀರದಂತೆ ನೋಡಿಕೊಳ್ಳಲು ಹೆಚ್ಚು ಪ್ರಮಾಣದ ಶೇ 1.5ರದ್ದನ್ನು ಬಳಸಿದರು. ಹಾಗೆ ತೆಳುವಾದದ್ದನ್ನು ಮತ್ತೆ ಬಾಂಬ್ ಮಾಡಬೇಕೆಂದರೆ ಪುಷ್ಟೀಕರಣದ, ಅಂದರೆ 235ರ ಪಾಲನ್ನು ಹೆಚ್ಚಿಸುವ, ಇಡೀ ಕಾರ್ಖಾನೆ ಬೇಕು.

ಪ್ಲುಟೋನಿಯಂ ಹೀಗೆ ತೆಳುವಾಗುವುದಿಲ್ಲ. ಬೆರೆಸಿದ್ದನ್ನು ರಾಸಾಯನಿಕವಾಗಿ ಮತ್ತೆ ಬೇರ್ಪಡಿಸಬಹುದು. ಅರ್ಧಾಯು 24,100 ವರ್ಷ, ಕಾದು ಕೂರುವ ಮಾತೂ ಇಲ್ಲ. ಅಮೆರಿಕ ಮತ್ತು ರಷ್ಯಾ ತಲಾ 34 ಟನ್ ವಿಲೇವಾರಿಗೆ 2000ದಲ್ಲಿ ಒಪ್ಪಿದವು. ರಷ್ಯಾ 2016ರಲ್ಲಿ ಅದನ್ನು ತಡೆಹಿಡಿಯಿತು, ಅಮೆರಿಕ ಇಂಧನ ಮಾಡಲು ಕಟ್ಟುತ್ತಿದ್ದ ಕಾರ್ಖಾನೆಯನ್ನು 2018ರಲ್ಲಿ ಅರ್ಧಕ್ಕೇ ಕೈಬಿಟ್ಟಿತು.

ಇನ್ನು ನೋಡುವವರು ಯಾರು ಎಂಬ ಪ್ರಶ್ನೆ. ಬೇಸರದ ಸತ್ಯವೆಂದರೆ, ಅಮೆರಿಕ ಮತ್ತು ರಷ್ಯಾ ನಡುವಿನ ಈವರೆಗಿನ ಯಾವ ಒಪ್ಪಂದದಡಿಯೂ ಪರದೇಶದ ಪರಿವೀಕ್ಷಕರ ಕಣ್ಣೆದುರು ಸಿಡಿತಲೆ ಬಿಚ್ಚಿದ್ದಿಲ್ಲ. ಎಣಿಸಿದ್ದೆಲ್ಲ ಸಿಡಿತಲೆ ಸಾಗಿಸುವ ಕ್ಷಿಪಣಿ, ವಿಮಾನಗಳನ್ನು. 1987ರ ಮಧ್ಯಮ ವ್ಯಾಪ್ತಿಯ ಒಪ್ಪಂದದಡಿ 2,692 ಕ್ಷಿಪಣಿಗಳನ್ನು ಸುಟ್ಟು, ಜಜ್ಜಿ, ಸಿಡಿಸಿ ನಾಶ ಮಾಡಿದರು, ಆದರೆ ಅವುಗಳ ಸಿಡಿತಲೆಗಳನ್ನು ಬಿಚ್ಚಿ ಮನೆಗೆ ಒಯ್ಯಬಹುದಿತ್ತು. ಅಮೆರಿಕದ ಬಿ-52 ಬಾಂಬರ್ ವಿಮಾನಗಳನ್ನು ಭಾರದ ಉಕ್ಕಿನ ಅಲಗಿನಿಂದ ತುಂಡರಿಸಿ, ರಷ್ಯಾದ ಉಪಗ್ರಹಗಳಿಗೆ ಕಾಣಲಿ ಎಂದು 90 ದಿನ ಬಯಲಲ್ಲಿ ಹಾಗೇ ಬಿಟ್ಟರು. ವಿಮಾನ, ಕ್ಷಿಪಣಿಗಳಿಗೆ ಅದು ಒಳ್ಳೆಯ ವಿಧಾನ. ಸಿಡಿತಲೆಗೆ ಅದು ನಡೆಯುವುದಿಲ್ಲ, ಯಾಕೆಂದರೆ ಒಳಗನ್ನು ತೋರಿಸಿದರೆ ವಿನ್ಯಾಸವೇ ಬಯಲಾಗುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿ ‘ಮಾಹಿತಿ ತಡೆ’. ಮುಚ್ಚಿದ ಡಬ್ಬಿಯ ಮುಂದೆ ಗಾಮಾ ಮತ್ತು ನ್ಯೂಟ್ರಾನ್ ಅಳೆಯುವ ಉಪಕರಣ ಇಡುತ್ತಾರೆ. ಪ್ಲುಟೋನಿಯಂ ಇದೆಯೇ, ಅದರ ಎರಡು ಸಮಸ್ಥಾನಿಗಳಾದ 240 ಮತ್ತು 239ರ ಅನುಪಾತ ಬಾಂಬ್ ದರ್ಜೆಯದೇ, ತೂಕ ಒಪ್ಪಿದ ಮಿತಿಗಿಂತ ಹೆಚ್ಚೇ ಎಂದು ಅದು ಒಳಗೊಳಗೇ ಲೆಕ್ಕ ಹಾಕಿ, ಹೊರಗೆ ಹಸಿರು ಅಥವಾ ಕೆಂಪು ದೀಪ ಮಾತ್ರ ತೋರಿಸುತ್ತದೆ. ತೊಂದರೆ ಬರುವುದು ಉಪಕರಣ ಯಾರದ್ದು ಎಂಬಲ್ಲಿ. ಪರಿವೀಕ್ಷಕರದ್ದಾದರೆ ಗುಟ್ಟು ಕದ್ದೀತು, ಆತಿಥೇಯರದ್ದಾದರೆ ಸುಳ್ಳು ಹಸಿರು ಉರಿದೀತು. ಅದಕ್ಕೇ ಒಂದೇ ಥರದ ಹಲವು ಉಪಕರಣ ತಯಾರಿಸಿ, ಯಾವುದನ್ನು ಬಳಸಬೇಕು, ಯಾವುದನ್ನು ಒಯ್ದು ಬಿಚ್ಚಿ ಪರೀಕ್ಷಿಸಬೇಕು ಎಂದು ಪರಿವೀಕ್ಷಕರೇ ಚೀಟಿ ಎತ್ತಿದಂತೆ ಆರಿಸುವುದು. ಬ್ರಿಟನ್ ಮತ್ತು ನಾರ್ವೆ 2007ರಿಂದ ನಕಲಿ ಸಿಡಿತಲೆ ಇಟ್ಟು ಇಂಥ ಅಭ್ಯಾಸ ನಡೆಸಿದವು. ಬಾಂಬಿಲ್ಲದ ದೇಶವೂ ಪರಿವೀಕ್ಷಕನಾಗಬಹುದು ಎಂದು ಅದು ತೋರಿಸಿತು.

ಇಡೀ ಬಾಂಬನ್ನೇ ಬಿಟ್ಟ ಉದಾಹರಣೆ ಬೇಕಿದ್ದರೆ ದಕ್ಷಿಣ ಆಫ್ರಿಕಾಕ್ಕೆ ಒಂದು ಪೂರ್ತಿ ಫಲಕ ಕೊಡಿ. ತಾವೇ ಮಾಡಿದ ಆರು ಬಾಂಬುಗಳನ್ನು ಬಿಚ್ಚಿ, 1991ರಲ್ಲಿ ಪರಮಾಣು ಅಸ್ತ್ರಗಳ ಪ್ರಸರಣ ತಡೆ ಒಪ್ಪಂದ ಸೇರಿ, 1993ರ ಮಾರ್ಚ್ 24ರಂದು ಅಧ್ಯಕ್ಷ ಡಿ ಕ್ಲರ್ಕ್ ಸಂಸತ್ತಿನಲ್ಲಿ ಹೇಳಿದರು. ಅವರ ಒಂದು ಎಡವಟ್ಟಿನಿಂದ ಕಲಿಯಬೇಕಾದದ್ದಿದೆ: ಪರಿವೀಕ್ಷಕರು ಬರುವ ಮೊದಲೇ ಬಾಂಬುಗಳನ್ನು ಬಿಚ್ಚಿ, ನಕ್ಷೆ ದಾಖಲೆಗಳನ್ನೂ ನಾಶಮಾಡಿದ್ದರು. ಹೀಗಾಗಿ ಆರೇ ಇದ್ದವು ಎಂದು ನಂಬುವುದಕ್ಕೆ ಪರಮಾಣು ಶಕ್ತಿ ಸಂಸ್ಥೆ ಪುಷ್ಟೀಕರಣ ಸ್ಥಾವರದ ಹಳೆಯ ದಿನಚರಿ ದಾಖಲೆಗಳನ್ನು ಕೂತು ತಾಳೆ ನೋಡಬೇಕಾಯಿತು. ನಾಶ ಮಾಡುವ ಮೊದಲು ಎಣಿಸಲು ಬಿಡಬೇಕು, ಇದು ಇಡೀ ಕೆಲಸದ ಮೊದಲ ನಿಯಮ.


ಉತ್ತರ – ಎದುರುಗಾಳಿ

ಬಿಚ್ಚುಗೆ ಅವರ ಬರಹ ಚೆನ್ನಾಗಿದೆ. ಆದರೆ ಒಂದು ಆಕ್ಷೇಪವನ್ನು ಫಲಕ ಎದುರಿಸಲೇಬೇಕು, ಮಕ್ಕಳಲ್ಲಿ ಚುರುಕಿನವರು ಅದನ್ನೇ ಕೇಳುತ್ತಾರೆ. ಎಲ್ಲರೂ ಬಿಟ್ಟ ಮೇಲೆ ಒಬ್ಬರು ಹತ್ತು ಬಾಂಬು ಬಚ್ಚಿಟ್ಟುಕೊಂಡರೆ? ಅಮೆರಿಕದಂಥ ದೇಶವೇ ತನ್ನ ಪ್ಲುಟೋನಿಯಂ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದಾಗ ಪುಸ್ತಕಕ್ಕೂ ದಾಸ್ತಾನಿಗೂ 2.4 ಟನ್ ವ್ಯತ್ಯಾಸ ಇತ್ತು. ಕೊಳವೆಯಲ್ಲಿ ಅಂಟಿದ್ದು, ತ್ಯಾಜ್ಯದಲ್ಲಿ ಹೋದದ್ದು, ಹಳೆಯ ಅಳತೆಯ ತಪ್ಪು ಇರಬಹುದು. 8 ಕಿಲೋ ಲೆಕ್ಕದಲ್ಲಿ ಅದು 300 ಬಾಂಬು. ಬಾಂಬಿನ ಭಯವೇ ದೊಡ್ಡ ದೇಶಗಳ ನಡುವೆ ಯುದ್ಧ ತಡೆದಿದೆ ಎನ್ನುವವರಿಗೆ ಏನು ಹೇಳುತ್ತೀರಿ?


ಉತ್ತರ – ಲೆಕ್ಕದಪುಸ್ತಕ

ಆಕ್ಷೇಪ ನ್ಯಾಯವಾದದ್ದು, ಅದನ್ನು ಹಾಗೆಯೇ ಫಲಕದಲ್ಲಿ ಹಾಕಿ. ಆದರೆ ಆ 2.4 ಟನ್ ವ್ಯತ್ಯಾಸ ಹುಟ್ಟಿದ್ದು ಬಾಂಬು ಮಾಡುತ್ತಲೇ ಹೋದ ದಶಕಗಳಲ್ಲಿ. ಮಾಡುವುದನ್ನು ಮುಂದುವರಿಸಿದಷ್ಟೂ ಅದು ಬೆಳೆಯುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಬಾಂಬ್ ದರ್ಜೆಯ ವಸ್ತುವಿನ ಉತ್ಪಾದನೆ ನಿಲ್ಲಿಸಿ ಇದ್ದದ್ದರ ಪಟ್ಟಿ ಕೊಡುವುದು. ಇದಕ್ಕೆ ಒಪ್ಪಂದ ಬೇಕೆಂಬ ಮಾತು ದಶಕಗಳಿಂದ ಇದೆ, ಇನ್ನೂ ಆಗಿಲ್ಲ. ಬಚ್ಚಿಟ್ಟ ಹತ್ತರ ಬಗ್ಗೆ ಹೇಳುವುದಾದರೆ, ಇವತ್ತು ಎದುರಿರುವುದು ಬಚ್ಚಿಡದ 12 ಸಾವಿರ ಚಿಲ್ಲರೆ. ಪರೀಕ್ಷೆ ಮಾಡದೆ ಹೊಸ ಬಾಂಬಿನ ಮೇಲೆ ಭರವಸೆ ಇಡುವುದು ಕಷ್ಟ, ಪರೀಕ್ಷೆ ಮಾಡಿದರೆ ಅಡಗಿಸುವುದು ಕಷ್ಟ. ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ 1996ರಿಂದ ಜಾರಿಗೇ ಬಂದಿಲ್ಲ, ಆದರೂ ಅದಕ್ಕೆಂದು 337 ಕೇಂದ್ರಗಳಿಗೆ ಯೋಜಿಸಿದ ಜಾಲ ನೆಲದ ಕಂಪನ, ಸಮುದ್ರದ ಸದ್ದು, ಕಿವಿಗೆ ಕೇಳದ ಗಾಳಿಯ ಅಲೆ, ವಿಕಿರಣದ ಕಣ ಎಲ್ಲವನ್ನೂ ಆಲಿಸುತ್ತದೆ. ಉತ್ತರ ಕೊರಿಯಾ 2006ರಿಂದ 2017ರವರೆಗೆ ಮಾಡಿದ ಆರೂ ಪರೀಕ್ಷೆಗಳನ್ನು ಅದು ಹಿಡಿಯಿತು. ಮೊದಲನೆಯದು ಒಂದು ಕಿಲೋಟನ್‌ಗಿಂತ ಚಿಕ್ಕದು, ಜಾಲವೂ ಆಗ ಅರ್ಧಂಬರ್ಧ.

ಭಯ ಯುದ್ಧ ತಡೆದಿದೆ ಎನ್ನುವವರಿಗೆ ಮೂರು ದಿನಾಂಕ ತೋರಿಸಿ. 1979ರ ನವೆಂಬರ್ 9ರಂದು ಅಮೆರಿಕದ ಎಚ್ಚರಿಕೆ ಕೇಂದ್ರದಲ್ಲಿ ತರಬೇತಿಯ ದತ್ತಾಂಶ ನಿಜವಾದ ದಾಳಿಯಂತೆ ಪರದೆಗೆ ಬಂತು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ಮೋಡದ ಮೇಲಿನ ಬಿಸಿಲನ್ನು ಕ್ಷಿಪಣಿ ಎಂದು ತಿಳಿಯಿತು, ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. 1995ರ ಜನವರಿ 25ರಂದು ಧ್ರುವಪ್ರಭೆ ಅಧ್ಯಯನಕ್ಕೆ ನಾರ್ವೆಯಿಂದ ಹಾರಿದ ರಾಕೆಟ್ ರಷ್ಯಾದ ರೇಡಾರಿಗೆ ಜಲಾಂತರ್ಗಾಮಿಯಿಂದ ಬಂದ ಕ್ಷಿಪಣಿಯಂತೆ ಕಂಡಿತು. ಮುನ್ಸೂಚನೆ ಕೊಟ್ಟಿದ್ದರು, ಅದು ರೇಡಾರ್ ಮುಂದೆ ಕೂತವರಿಗೆ ತಲುಪಿರಲಿಲ್ಲ. ಖಂಡಾಂತರ ಕ್ಷಿಪಣಿ ಬರಲು ಹಿಡಿಯುವುದು ಸುಮಾರು ಅರ್ಧ ಗಂಟೆ, ಅದರಲ್ಲಿ ತೀರ್ಮಾನಕ್ಕೆ ಉಳಿಯುವುದು ಕೆಲವೇ ನಿಮಿಷ. ಈ ಮೂರರಲ್ಲಿ ಭಯ ಯುದ್ಧ ತಡೆಯಲಿಲ್ಲ, ಭಯವೇ ಯುದ್ಧದ ಅಂಚಿಗೆ ತಂದಿತು. ತಡೆದದ್ದು ಆ ಹೊತ್ತಿನಲ್ಲಿ ಯಂತ್ರವನ್ನು ನಂಬದೆ ಕಾದ ಮನುಷ್ಯರು. ಸಿಡಿತಲೆಯನ್ನು ಕ್ಷಿಪಣಿಯಿಂದ ಬೇರ್ಪಡಿಸಿ ಇಟ್ಟರೆ ಆ ನಿಮಿಷಗಳು ಗಂಟೆಗಳೂ ದಿನಗಳೂ ಆಗುತ್ತವೆ. ಇದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ.

ಒಪ್ಪಂದಗಳಿಗೆ ಒಂದೇ ಫಲಕ ಸಾಕು. ಪ್ರಸರಣ ತಡೆ ಒಪ್ಪಂದ 1970ರಿಂದ ಜಾರಿಯಲ್ಲಿದೆ. ಅದರ ಆರನೇ ವಿಧಿ ಬಾಂಬುಳ್ಳವರು ನಿಶ್ಶಸ್ತ್ರೀಕರಣದ ಮಾತುಕತೆ ನಡೆಸಬೇಕು ಎನ್ನುತ್ತದೆ, ಗಡುವು ಮಾತ್ರ ಇಲ್ಲ. ಬಾಂಬನ್ನೇ ಪೂರ್ತಿ ನಿಷೇಧಿಸುವ ಒಪ್ಪಂದಕ್ಕೆ 2017ರ ಜುಲೈ 7ರಂದು 122 ದೇಶಗಳು ಮತ ಹಾಕಿದವು, 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಬಾಂಬುಳ್ಳ ಒಂಬತ್ತು ದೇಶಗಳಲ್ಲಿ ಒಂದೂ ಸೇರಿಲ್ಲ. ಅಮೆರಿಕ ಮತ್ತು ರಷ್ಯಾ ಹೂಡಿಟ್ಟ ಸಿಡಿತಲೆಗಳನ್ನು ತಲಾ 1,550ಕ್ಕೆ ಮಿತಿಗೊಳಿಸಿದ್ದ ಒಪ್ಪಂದದ ಅವಧಿ 2026ರ ಫೆಬ್ರುವರಿ 5ಕ್ಕೆ ಮುಗಿಯಿತು. ಜಪಾನಿನ ಹಿಬಾಕುಶಾಗಳ ಒಕ್ಕೂಟ ನಿಹೊನ್ ಹಿಡಾಂಕ್ಯೊ ಕಟ್ಟಿದ್ದು 1956ರಲ್ಲಿ, ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2024ರಲ್ಲಿ. ಮರುವರ್ಷದ ಮಾರ್ಚ್ ಹೊತ್ತಿಗೆ ಪುಸ್ತಿಕೆ ಇರುವ ಹಿಬಾಕುಶಾಗಳ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು, ಸರಾಸರಿ ವಯಸ್ಸು 86.

ಫಲಕ ಅಚ್ಚಿಗೆ ಕೊಡುವ ಮುನ್ನ ಒಂದು ಕೆಲಸ. ಮೂರು ಅಂಕಿಗಳನ್ನು ಹಾಳೆಯ ಮೇಲೆ ಅಚ್ಚು ಹಾಕಿಸಬೇಡಿ, ಬೇರೆ ಚೀಟಿಯಲ್ಲಿ ಬರೆದು ಪಿನ್ ಚುಚ್ಚಿ: ಸ್ಮಾರಕದ ಪುಸ್ತಕದ ಹೆಸರುಗಳು, ಬದುಕಿರುವ ಹಿಬಾಕುಶಾಗಳು, ಜಗತ್ತಿನ ಒಟ್ಟು ಸಿಡಿತಲೆಗಳು. 1986ರಲ್ಲಿ ಸುಮಾರು 70,000 ಇದ್ದ ಆ ಕೊನೆಯ ಅಂಕಿ 2025ರಲ್ಲಿ ಸುಮಾರು 12,200. ಮೂರೂ ಪ್ರತಿವರ್ಷ ಬದಲಾಗುತ್ತವೆ, ಮುಂದಿನ ಆಗಸ್ಟ್‌ಗೆ ಚೀಟಿ ಮಾತ್ರ ಬದಲಿಸಿದರೆ ಆಯಿತು.